ಮೂರನೇ ಮಹಡಿಯ ಮೊದಲ ಮನೆ

ಬಚ್ಚಲುಮನೆಯ ಬಾಗಿಲಿಗೆ ಮತ್ತೊಂದು ಒದೆ ಬಿತ್ತು!

ಚಿಲಕದ ಸ್ಕ್ರೂ ಕಳಚಿ ನನ್ನ ಬೂಟಿನ ಮೇಲೆ ಉದುರಿತು. ಬಾಗಿಲು ಇನ್ನು ಹೆಚ್ಚು ಹೊತ್ತು ತಡೆಯುವಂತಿರಲಿಲ್ಲ.

"ಹೊರಗೆ ಬಾರೋ! ಯಾರ ಮನೆಗೆ ನುಗ್ಗಿದೀಯ ಗೊತ್ತೇನೋ?"

ಗೊತ್ತಿತ್ತು, ಸಾರ್. ಚೆನ್ನಾಗಿಯೇ ಗೊತ್ತಿತ್ತು. ಆ ಮನೆಯ ಒಡತಿ ನನ್ನ ಪಕ್ಕದಲ್ಲೇ, ನೀರಿನ ಡ್ರಮ್ಮಿಗೆ ಬೆನ್ನು ಕೊಟ್ಟು ನಿಂತಿದ್ದಳು. ತನ್ನ ಸ್ವಂತ ಮನೆಯ ಬಚ್ಚಲಲ್ಲಿ ಅವಿತುಕೊಂಡಿದ್ದಳು. ಅಂಥದ್ದೊಂದು ಮನೆ ತನಗಿದೆ ಅಂತ ಅವಳಿಗೆ ಗೊತ್ತಾಗಿದ್ದೇ ಅವತ್ತು ಬೆಳಿಗ್ಗೆ!

ನಗಬೇಡಿ. ಮೊದಲಿನಿಂದ ಹೇಳುತ್ತೇನೆ.

ಆಫೀಸುಗಳಲ್ಲಿ ಸಿಕ್ಕಿಹಾಕಿಕೊಂಡ ಕೆಲಸಗಳನ್ನು ಬಿಡಿಸುವುದು ನನ್ನ ಕಸುಬು. ಕೆಲವರು ನನ್ನನ್ನು ಪತ್ತೇದಾರ ಅನ್ನುತ್ತಾರೆ. ಉಳಿದವರು ಅನ್ನುವುದನ್ನು ನಿಮ್ಮೆದುರು ಹೇಳಲಾರೆ.

ಬಚ್ಚಲಲ್ಲಿ ನನ್ನ ಜೊತೆ ಅವಿತಿದ್ದವಳು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾಳೆ. ಗಂಡ ತೀರಿಕೊಂಡಿದ್ದಾನೆ. ಅತ್ತೆಯ ಜೊತೆ ಬಾಡಿಗೆ ಕೋಣೆಯಲ್ಲಿ, ಮಹಡಿ ಮೇಲೆ ವಾಸ. ಅತ್ತೆಗೆ ಎರಡೂ ಮಂಡಿ ಹೋಗಿವೆ. ಮೆಟ್ಟಿಲಿಳಿಯಲಾರದೆ ಆ ಮುದುಕಿ ಬೀದಿ ನೋಡಿ ವರ್ಷಗಳೇ ಆಗಿದ್ದವು. ಬಾಯಿ ಮಾತ್ರ ಗಟ್ಟಿಯಾಗಿತ್ತು.

"ನಮ್ಮತ್ತೆ ನೆಲದ ಮೇಲೆ ಕಾಲಿಡಬೇಕು ಅಣ್ಣಾ. ನನಗೆ ಅಷ್ಟೇ ಸಾಕು" ಅಂದಿದ್ದಳು.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಪುಟ್ಟ ಮನೆ ಸಿಕ್ಕಿತು. ನೆಲಮಟ್ಟದ್ದು, ಒಂದೇ ಒಂದು ಮೆಟ್ಟಿಲು. ಮಾರುವವರು ರಿಟೈರ್ ಆದ ಮೇಷ್ಟ್ರು. ಬ್ಯಾಂಕು ಬಾಯಿಮಾತಿನಲ್ಲಿ ಸಾಲಕ್ಕೆ ಒಪ್ಪಿತು. ಆದರೆ ಮೊದಲ ಪಾಲು ಕೊಳ್ಳುವವರೇ ಹಾಕಬೇಕಲ್ಲ? ಅದಕ್ಕೇ ನಗರಸಭೆಯ ಸ್ಕೀಮ್ ಇದೆ. ಕಡಿಮೆ ಸಂಬಳದವರು, ಹುಟ್ಟಿದಾಗಿನಿಂದ ಸ್ವಂತ ಮನೆಯೇ ಇಲ್ಲದವರು ಮೊದಲ ಮನೆ ಕೊಂಡರೆ, ಆ ಮುಂಗಡವನ್ನು ನಗರಸಭೆ ಕೊಡುತ್ತದೆ. ಒಳ್ಳೆಯ ಸ್ಕೀಮ್ ಸಾರ್, ನಾನು ಬೈಯುವುದಿಲ್ಲ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಮೇಷ್ಟ್ರು ಖಡಕ್ಕಾಗಿ ಹೇಳಿದ್ದರು. "ಇವತ್ತು ಸಂಜೆ ಐದರವರೆಗೆ ಕಾಯ್ತೀನಮ್ಮ. ಆಮೇಲೆ ಇನ್ನೊಬ್ಬರು ಕಾಯ್ತಾ ಇದಾರೆ."

ಬೆಳಿಗ್ಗೆಯೇ ನಗರಸಭೆಗೆ ಹೋದೆವು. ವಸತಿ ವಿಭಾಗದ ಮೇಡಂ ಕಂಪ್ಯೂಟರ್ ಒತ್ತಿದರು. ಮೂಗಿನ ತುದಿಯ ಕನ್ನಡಕದ ಮೇಲಿಂದ ನನ್ನ ಜೊತೆಗಿದ್ದವಳನ್ನು ನೋಡಿದರು.

"ಇವರಿಗೆ ಆಗಲೇ ನೆರವು ಕೊಟ್ಟಾಗಿದೆ."

"ಯಾರಿಗೆ?"

"ಇವರಿಗೇ. ಎರಡು ವರ್ಷ ಆಯ್ತು. ಮನೇನೂ ಇದೆ. ಅಲ್ಲೇ ವಾಸ ಇದಾರೆ ಅಂತ ನಮ್ಮ ತಪಾಸಣೆಯವರು ಹೋಗಿ ನೋಡಿ ಬಂದಿದಾರೆ."

"ನಾನು ಇಲ್ಲಿ ನಿಂತಿದೀನಲ್ಲ ಮೇಡಂ!" ಅಂದಳು ಲಾಂಡ್ರಿಯವಳು.

"ನಿಂತ್ಕೊಳ್ಳಿ. ಆದ್ರೆ ವಾಸ ಅಲ್ಲಿ."

ನನ್ನ ನೆತ್ತಿ ಬಿಸಿಯಾಯಿತು.

"ಮೇಡಂ, ಯಾರೋ ಇವರ ಹೆಸರಲ್ಲಿ ಮೋಸ ಮಾಡಿದಾರೆ!"

"ಹಾಗಾದ್ರೆ ದೂರು ಕೊಡಿ. ವಿಚಾರಣೆ ಮುಗಿಯೋ ತನಕ ಇವರ ಹೆಸರು ಬ್ಲಾಕ್ ಆಗತ್ತೆ."

"ಎಷ್ಟು ದಿನ?"

"ಅದು ವಿಚಾರಣೆ ಮುಗಿದ ಮೇಲೆ ಗೊತ್ತಾಗತ್ತೆ."

"ದೂರು ಕೊಡದೇ ಇದ್ರೆ?"

"ಆಗ ಆ ಮನೆ ಇವರದ್ದೇ. ಮನೆ ಇರೋರಿಗೆ ಮೊದಲ ಮನೆ ಹೇಗ್ರೀ ಕೊಡೋದು? ಮೊದಲನೇದು ಅನ್ನೋದು ಒಂದೇ ಸಲ ಬರೋದು."

ಮೇಜು ಗುದ್ದಿದೆ. ಪೆನ್ ಸ್ಟ್ಯಾಂಡ್ ಉರುಳಿತು. ಮೇಡಂ ನನ್ನನ್ನೇ ನೋಡುತ್ತ ಕೂತರು. ಕೊನೆಗೆ ನಾನೇ ಬಗ್ಗಿ ಪೆನ್ನುಗಳನ್ನು ಆರಿಸಿಟ್ಟೆ. ಅಂಥ ಆಫೀಸು ಅದು... ಸಿಟ್ಟು ಮಾಡಿದರೆ ಅದರ ಕಸವನ್ನೂ ನಾವೇ ಗುಡಿಸಬೇಕು!

ಒಂದು ಮಾತ್ರ ಸಿಕ್ಕಿತು. ಆ ಮನೆಯ ವಿಳಾಸ.

ಹೊರಗೆ ಬಂದು ಅವಳನ್ನು ಗೋಡೆಗೆ ನಿಲ್ಲಿಸಿ ಕೇಳಿದೆ. "ಎರಡು ವರ್ಷದ ಹಿಂದೆ ಎಲ್ಲಾದ್ರೂ ಹೆಬ್ಬೆಟ್ಟು ಒತ್ತಿದ್ಯಾ?"

"ಇಲ್ಲಣ್ಣ... ಹಾಂ, ಕ್ಲಾಸಿಗೆ ಹೋಗಿದ್ದೆ."

ಮನೆ ಕೊಳ್ಳುವುದು ಹೇಗೆ ಅಂತ ನಗರಸಭೆ ಒಂದು ದಿನದ ಕ್ಲಾಸ್ ಮಾಡುತ್ತದೆ. ಅದಕ್ಕೆ ಕೂರದವರಿಗೆ ನೆರವಿಲ್ಲ. ಬಾಗಿಲಲ್ಲಿ ಒಬ್ಬ ಹೆಬ್ಬೆಟ್ಟಿನ ಮಿಷನ್ ಹಿಡಿದು ನಿಂತಿದ್ದನಂತೆ. ಹಾಜರಿ ಹಾಕಲು.

"ಒಂದು ಸಲ ಒತ್ತಿದ್ಯಾ?"

ಅವಳು ಕೈ ತೋರಿಸಿದಳು. ಬ್ಲೀಚು, ಬಿಸಿನೀರು... ಬೆರಳ ತುದಿಯ ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು.

"ನಮ್ಮ ಲಾಂಡ್ರಿಯೋರ ಬೆರಳು ಯಾವ ಮಿಷನ್ನೂ ಒಂದೇ ಸಲಕ್ಕೆ ತಗೊಳಲ್ಲ. ಆಸ್ಪತ್ರೆ ಹಾಜರಿಗೂ ಹತ್ತು ಸಲ ಒತ್ತೀವಿ. ಅವನೂ 'ಇನ್ನೊಂದ್ಸಲ ಅಕ್ಕಾ, ಇನ್ನೊಂದೇ ಸಲ ಅಕ್ಕಾ' ಅಂತಿದ್ದ. ಒತ್ತಿದೆ. ಎಷ್ಟು ಚೆನ್ನಾಗಿ ಮಾತಾಡ್ದ ಗೊತ್ತಾ, ಟೀನೂ ತಂದ್ಕೊಟ್ಟ!"

ಅಷ್ಟೇ! ಒಂದು ಹೆಬ್ಬೆಟ್ಟು ಹಾಜರಿಗೆ. ಉಳಿದವು ಅರ್ಜಿಗೆ, ಸಾಲಕ್ಕೆ, ನೋಂದಣಿಗೆ. ಬೇರೆ ಯಾರಾದರೂ ಆಗಿದ್ದರೆ ಎರಡನೇ ಸಲಕ್ಕೇ ಯಾಕೆ ಅಂತ ಕೇಳುತ್ತಿದ್ದರು. ಇವಳಿಗೆ ಅದು ದಿನದ ಕರ್ಮ.

ಆ ಟೀ ಕೊಟ್ಟವನು ಯಾರು ಅಂತ ನನಗೆ ಹೊಳೆಯಿತು. ಮನೆ ದಲ್ಲಾಳಿ. ಊರೆಲ್ಲ ಅವನನ್ನು ಸಿಹಿಬಾಯಿ ಅನ್ನುತ್ತದೆ. ಬಾಯಲ್ಲಿ ಬೆಲ್ಲ, ಬಗಲಲ್ಲಿ ಚಾಕು!

ನಾವು ಸ್ಕೂಟರ್ ಹತ್ತುವಷ್ಟರಲ್ಲಿ ಆಫೀಸಿನಿಂದ ಯಾರೋ ಅವನಿಗೆ ಫೋನ್ ಮಾಡಿಬಿಟ್ಟಿದ್ದರು. ಮೊದಲ ಸಿಗ್ನಲ್‌ನಲ್ಲೇ ಪಕ್ಕಕ್ಕೆ ಬೈಕ್ ಬಂತು. ಸಿಹಿಬಾಯಿಯ ಆಳು ಕಂಬ. ಆಕಾರ ನೋಡಿಯೇ ಇಟ್ಟ ಹೆಸರು.

"ಏಯ್, ಆ ಮನೆ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ!"

"ಯಾವ ಕಾಲು? ಹೇಳಿದ್ರೆ ಅದನ್ನ ಹಿಂದೆ ಇಟ್ಕೋತೀನಿ."

ಅವನು ಸ್ಕೂಟರನ್ನೇ ಒದ್ದ! ವಾಲಿತು... ಬೀಳಲಿಲ್ಲ. ಹಸಿರು ದೀಪಕ್ಕೆ ಕಾಯದೆ ನುಗ್ಗಿದೆ. ಹಿಂದೆ ಹಾರ್ನು, ಬೈಗುಳ, ಕಂಬನ ಬೈಕಿನ ಆರ್ಭಟ!

"ಎಡಕ್ಕೆ ಅಣ್ಣಾ! ಆಸ್ಪತ್ರೆ ಹಿಂದಿನ ಗೇಟು!"

ನುಗ್ಗಿಸಿದೆ. ಲಾಂಡ್ರಿಯ ಅಂಗಳ. ಎಲ್ಲೆಲ್ಲೂ ಒಣಹಾಕಿದ ಬಿಳಿ ಬೆಡ್‌ಶೀಟುಗಳು. ನನಗೆ ದಾರಿಯೇ ಕಾಣಲಿಲ್ಲ. ಅವಳು ಬೆನ್ನ ಮೇಲೆ ತಟ್ಟಿ ತಟ್ಟಿ ದಾರಿ ಹೇಳಿದಳು. ಬಲಕ್ಕೆ, ಬಲಕ್ಕೆ, ತಲೆ ಬಗ್ಸು! ಬಗ್ಗಿಸಿದೆ. ಹಗ್ಗವೊಂದು ಕೂದಲು ಸವರಿಕೊಂಡು ಹೋಯಿತು.

ಕಂಬನಿಗೆ ಬಗ್ಗುವ ಅಭ್ಯಾಸವಿರಲಿಲ್ಲ. ಹಿಂದಿನಿಂದ ಧೊಪ್ಪನೆ ಸದ್ದು ಕೇಳಿತು. ತಿರುಗಿ ನೋಡಿದರೆ ಒದ್ದೆ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದ.

"ಅಯ್ಯೋ, ಈಗ ತಾನೇ ಒಗೆದಿದ್ದು!" ಅಂತ ಅವಳು ಪೇಚಾಡಿದಳು.

ಆ ವಿಳಾಸ ಹೆದ್ದಾರಿ ಪಕ್ಕದ ಹಳೆಯ ಕಟ್ಟಡದ್ದು. ಲಿಫ್ಟ್ ಇಲ್ಲ. ಮೂರನೇ ಮಹಡಿ. ಬಾಗಿಲು ತೆರೆದೇ ಇತ್ತು. ಒಳಗೆ ಸಾಲಾಗಿ ಮಂಚಗಳು. ಊರೂರು ತಿರುಗುವ ಸೇಲ್ಸ್‌ನವರಿಗೆ ದಿನಬಾಡಿಗೆಗೆ ಮಂಚ ಕೊಡುವ ದಂಧೆ! ಆ ಬಾಡಿಗೆಯಲ್ಲೇ ಬ್ಯಾಂಕಿನ ಕಂತು ತೀರುತ್ತಿತ್ತು, ಸಿಹಿಬಾಯಿಯ ಜೇಬೂ ತುಂಬುತ್ತಿತ್ತು. ಮಲಗಿದ್ದವನೊಬ್ಬ ಒಂದೇ ಕಣ್ಣು ಬಿಟ್ಟ.

"ಮಂಚ ಖಾಲಿ ಇಲ್ಲ" ಅಂದು ಮಗ್ಗುಲಾದ.

ಅವಳು ತನ್ನ ಮನೆಯನ್ನು ನೋಡಿದಳು. ತೇವ ಹಿಡಿದ ಗೋಡೆ. ಒಡೆದ ಸಿಂಕು. ಕಿಟಕಿಯಾಚೆ ಲಾರಿಗಳ ಗದ್ದಲ.

"ಇದೇನಾ ನಾನು ತಗೊಂಡಿರೋದು?"

"ಇದೇ."

"ನನಗೆ ಹಿಡಿಸ್ಲಿಲ್ಲ ಅಣ್ಣಾ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು! ಕಂಬ! ಹೊರಗೋಡಲು ದಾರಿಯಿಲ್ಲ. ಅವಳನ್ನು ಎಳೆದುಕೊಂಡು ಬಚ್ಚಲಿಗೆ ನುಗ್ಗಿ ಚಿಲಕ ಹಾಕಿದೆ.

ಅಲ್ಲಿಗೆ ಬಂದೆವಲ್ಲ, ಒದೆಗಳು ಬೀಳುತ್ತಿದ್ದಲ್ಲಿಗೆ.

ಸಣ್ಣ ಕಿಟಕಿ. ಹೊರಗೆ ಪೈಪು.

"ನಾನು ಮೊದಲು ಇಳೀತೀನಿ. ನೀನು ಹಿಂದೆ ಬಾ."

ಅವಳು ಅಲ್ಲಾಡಲಿಲ್ಲ.

"ಅಣ್ಣಾ, ಈ ಮನೆ ಯಾರ ಹೆಸರಲ್ಲಿದೆ?"

"ನಿನ್ನ ಹೆಸರಲ್ಲಿ."

"ನಾನು ಇಲ್ಲೇ ಇದೀನಿ ಅಂತ ಆಫೀಸಿನೋರೇ ಹೇಳಿದಾರಲ್ಲ?"

"ಹೌದು."

"ಮತ್ತೆ ನಾನ್ಯಾಕೆ ಓಡ್ಲಿ?"

ನೋಡಿ ಸಾರ್, ಬೆಳಿಗ್ಗೆಯಿಂದ ನಾನು ಅದು ಸುಳ್ಳು ಅಂತ ಸಾಬೀತು ಮಾಡಲು ಒದ್ದಾಡುತ್ತಿದ್ದೆ. ಇವಳು ಆ ಸುಳ್ಳನ್ನೇ ಗಟ್ಟಿಯಾಗಿ ಹಿಡಿದುಕೊಂಡಳು!

ಕಿಟಕಿಗೆ ಬಾಯಿಟ್ಟು ಕೂಗಿದಳು. "ಕಳ್ಳ! ಕಳ್ಳ! ನನ್ನ ಮನೆಗೆ ಕಳ್ಳ ನುಗ್ಗಿದಾನೆ! ಯಾರಾದ್ರೂ ಬನ್ರಪ್ಪೋ!"

ಬಾಗಿಲು ಮುರಿಯಿತು! ನಾನು ಡ್ರಮ್ಮನ್ನು ಉರುಳಿಸಿದೆ. ನೀರೆಲ್ಲ ಕಂಬನ ಕಾಲಿಗೆ ನುಗ್ಗಿತು. ಜಾರಿ ಅಂಗಾತ ಬಿದ್ದ. ಏಳುವ ಮೊದಲು ಅವನ ಎದೆಯ ಮೇಲೆ ಕೂತೆ. ಅವನ ಮುಷ್ಟಿ ನನ್ನ ದವಡೆಗೆ ಬಿತ್ತು. ನನ್ನದು ಅವನ ಮೂಗಿಗೆ. ಅಷ್ಟು ಹೊತ್ತಿಗೆ ಕಟ್ಟಡದವರೆಲ್ಲ ಮೇಲೆ ಬಂದಿದ್ದರು. ದಿನಕ್ಕೊಬ್ಬ ಅಪರಿಚಿತ ಬಂದು ಮಲಗುವುದನ್ನು ನೋಡಿ ನೋಡಿ ಅವರಿಗೂ ಸಾಕಾಗಿತ್ತು. ಯಾರೋ ಪೊಲೀಸರಿಗೂ ಫೋನ್ ಮಾಡಿದ್ದರು.

ಪೊಲೀಸಿನವನ ಹಿಂದೆಯೇ ಸಿಹಿಬಾಯಿ ಬಂದ. ಜೊತೆಗೆ ನಗರಸಭೆಯ ತಪಾಸಣೆಯವನನ್ನೂ ಕರೆತಂದಿದ್ದ. ಮನೆಯೊಡತಿ ಇಲ್ಲೇ ವಾಸವಿದ್ದಾಳೆ ಅಂತ ವರ್ಷ ವರ್ಷ ಹೇಳಿದ ಮಹಾನುಭಾವ!

"ಏನಿದು ಗಲಾಟೆ? ಮನೆ ಯಾರದ್ದು?" ಪೊಲೀಸಿನವನು ಕೇಳಿದ.

"ನಂದು" ಅಂದಳು. ಆಸ್ಪತ್ರೆಯ ಗುರುತಿನ ಕಾರ್ಡು ಮುಂದೆ ಹಿಡಿದಳು.

"ಸುಳ್ಳು ಸಾರ್!" ಸಿಹಿಬಾಯಿಯ ಸಿಹಿ ಅವತ್ತು ಸ್ವಲ್ಪ ಹುಳಿಯಾಗಿತ್ತು. "ಇವರು ಯಾರೋ ಗೊತ್ತಿಲ್ಲ. ಮನೆಯವರು ಬೇರೆ."

"ಮನೆಯವರ ಹೆಸರು?"

ಹೇಳಿದ. ಪೊಲೀಸಿನವನು ಕಾರ್ಡು ನೋಡಿದ. ಅದೇ ಹೆಸರು.

"ನೀನ್ಯಾರು? ಮನೆ ನಿಂದಾ?"

ತನ್ನದು ಅಂದರೆ ಜೈಲು! ಸಿಹಿಬಾಯಿ ತಪಾಸಣೆಯವನ ಭುಜ ಹಿಡಿದು ಮುಂದಕ್ಕೆ ದೂಡಿದ.

"ಇವರು ಸರ್ಕಾರದೋರು. ಇವರೇ ಹೇಳ್ಲಿ! ಈ ಹೆಂಗಸನ್ನ ಯಾವತ್ತಾದ್ರೂ ನೋಡಿದೀರಾ ಸಾರ್?"

ತಪಾಸಣೆಯವನು ಅವಳನ್ನು ನೋಡಿದ. ಪೊಲೀಸಿನವನನ್ನು ನೋಡಿದ. ನನ್ನನ್ನು ನೋಡಿದ. ನಾನು ಮೆಲ್ಲಗೆ ಹೇಳಿದೆ.

"ಯೋಚನೆ ಮಾಡಿ ಹೇಳಿ ಸಾರ್. ನೋಡಿಲ್ಲ ಅಂದ್ರೆ, ಇಷ್ಟು ವರ್ಷ ಯಾರನ್ನ ನೋಡಿದ್ರಿ ಅಂತ ಕೇಳ್ತಾರೆ."

ಬಿಸಿ ತುಪ್ಪ... ನುಂಗಲೂ ಆಗದು, ಉಗುಳಲೂ ಆಗದು. ಹಣೆಯ ಬೆವರು ಒರೆಸಿಕೊಂಡ.

"ಅಯ್ಯೋ, ಇವರು ಗೊತ್ತಿಲ್ವಾ! ಇವರೇ ಮನೆಯವರು... ಚೆನ್ನಾಗಿದೀರಾ ಅಮ್ಮಾ? ಹೋದ ವರ್ಷಕ್ಕಿಂತ ಸೊರಗಿದೀರಲ್ಲ!"

ಕಂಬ ಬೇರೆಯವರ ಮನೆಗೆ ನುಗ್ಗಿದ ಕೇಸಿನಲ್ಲಿ ಜೀಪ್ ಹತ್ತಿದ. ಸಿಹಿಬಾಯಿ ಮಾತ್ರ ಎಲ್ಲಿಯೂ ಸಿಕ್ಕಿಬೀಳಲಿಲ್ಲ. ಅವನನ್ನು ಹಿಡಿಸಬೇಕಾದರೆ ಮೋಸವಾಗಿದೆ ಅನ್ನಬೇಕು. ಮೋಸವಾಗಿದೆ ಅಂದರೆ ಇವಳ ಹೆಸರು ಬ್ಲಾಕ್, ಈ ಮನೆಯೂ ಹೋಗುತ್ತದೆ! ಅವನಿಗೂ ಅದು ಗೊತ್ತಿತ್ತು.

"ಕಂತು ಕಟ್ಟೋದು ಮರೀಬೇಡಿ ಅಕ್ಕಾ. ಬ್ಯಾಂಕಿನೋರು ನನ್ನಷ್ಟು ಚೆನ್ನಾಗಿ ಮಾತಾಡಲ್ಲ" ಅಂದು ಕೈಮುಗಿದು ಇಳಿದು ಹೋದ. ನಾನು ಹಲ್ಲು ಕಚ್ಚಿಕೊಂಡು ನಿಂತೆ. ದವಡೆಯ ನೋವಿಗಿಂತ ಅದು ಹೆಚ್ಚು ನೋಯಿಸಿತು.

ಮೇಷ್ಟ್ರಿಗೆ ಫೋನ್ ಮಾಡಿದೆ. ಪೊಲೀಸರ ಬರವಣಿಗೆಯೆಲ್ಲ ಮುಗಿಯುವಷ್ಟರಲ್ಲಿ ಐದು ದಾಟಿತ್ತು.

"ಕಾದೆನಪ್ಪಾ. ಈಗ ತಾನೇ ಅಡ್ವಾನ್ಸ್ ತಗೊಂಡೆ" ಅಂದರು.

ಅವಳು ಒಂದು ಮಂಚದ ಮೇಲೆ ಕೂತು ಅತ್ತಳು. ಒಳ್ಳೆ ಮನೆ ಹೋಯಿತು ಅಂತಲೋ, ಕೆಟ್ಟ ಮನೆ ಸಿಕ್ಕಿತು ಅಂತಲೋ ನನಗೆ ತಿಳಿಯಲಿಲ್ಲ.

ಮರುದಿನ ಅವಳನ್ನು ಕರೆದುಕೊಂಡು ಮತ್ತೆ ನಗರಸಭೆಗೆ ಹೋದೆ. ಮೇಡಂ ಅವತ್ತು ನಗುನಗುತ್ತಾ ಇದ್ದರು.

"ನೋಡಿ, ನಾನು ಹೇಳಿರ್ಲಿಲ್ವಾ, ಇವರಿಗೆ ಮನೆ ಇದೆ ಅಂತ?"

"ಇದನ್ನ ಮಾರಿ ನೆಲಮಟ್ಟದ್ದು ತಗೋಬಹುದಾ ಮೇಡಂ? ಇವರ ಅತ್ತೆಗೆ ಮೆಟ್ಟಿಲು ಹತ್ತೋಕಾಗಲ್ಲ."

"ಐದು ವರ್ಷ ಮಾರೋ ಹಾಗಿಲ್ಲ. ಬಾಡಿಗೆಗೂ ಕೊಡೋ ಹಾಗಿಲ್ಲ. ಇವರು ಅಲ್ಲೇ ವಾಸ ಇರಬೇಕು. ತಪ್ಪಿದ್ರೆ ನೆರವು ವಾಪಸ್! ಇನ್ಮೇಲೆ ತಪಾಸಣೆ ತುಂಬಾ ಕಟ್ಟುನಿಟ್ಟು, ಗೊತ್ತಾಯ್ತಾ?"

ಈ ಸಲ ಮೇಜು ಗುದ್ದಲಿಲ್ಲ. ಪೆನ್ನು ಆರಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಭಾನುವಾರ ಸಾಮಾನು ಸಾಗಿಸಿದೆವು. ಮಂಚ, ಟ್ರಂಕು, ಸ್ಟವ್ ಮೇಲೆ ಹೋದವು. ಕೊನೆಗೆ ಉಳಿದದ್ದು ಅತ್ತೆ. ಹಳೆಯ ಕೋಣೆಯಿಂದ ಹೊತ್ತು ತಂದು, ಕೆಳಗೆ ಬೀದಿಯಲ್ಲಿ ಕುರ್ಚಿ ಹಾಕಿ ಕೂರಿಸಿದ್ದೆವು. ಹೋಗುವವರನ್ನು, ಬರುವವರನ್ನು ಕಣ್ತುಂಬ ನೋಡುತ್ತಿದ್ದರು. ಚಪ್ಪಲಿ ಕಳಚಿ ಬರಿಗಾಲನ್ನು ನೆಲಕ್ಕೆ ಊರಿಕೊಂಡಿದ್ದರು. ನನಗೆ ಅವರನ್ನು ಎಬ್ಬಿಸಲು ಮನಸ್ಸೇ ಬರಲಿಲ್ಲ, ಸಾರ್.

ಹೊತ್ತು ಮುಳುಗುವ ಮೊದಲು ಬೆನ್ನ ಮೇಲೆ ಹೊತ್ತುಕೊಂಡೆ. ಕಂಬನಂಥವರನ್ನು ಕೆಡವಿದ ಮೈ ಇದು! ಎರಡನೇ ಮಹಡಿಗೇ ಏದುಸಿರು ಬಂತು. ಮೂರನೆಯದರಲ್ಲಿ ಕಣ್ಣು ಕತ್ತಲಿಟ್ಟಿತು. ಕುರ್ಚಿಯಲ್ಲಿ ಕೂರಿಸಿ ಗೋಡೆಗೊರಗಿದೆ. ಅತ್ತೆ ಗೋಡೆ ನೋಡಿದರು, ಕಿಟಕಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಹತ್ತಿಸೋಕೆ ಇಷ್ಟು ಜನ ಸೇರಿದ್ರಿ, ಸಂತೋಷನಪ್ಪ" ಅಂದರು. "ನನ್ನನ್ನ ಇಳಿಸೋ ಸ್ಕೀಮು ಯಾವ ಆಫೀಸಲ್ಲಿದೆ?"