ತಲೆಕೆಳಗಿನ ನಾಲ್ಕು ತಂತಿ

"ಇದನ್ನ ಸರಿ ಮಾಡಿ ಅಂತ ನಿಮಗೆ ಹೇಳಿದ್ದು ಯಾರು?!"

ಚಿನ್ನಿ ಕೂಗಿದ ರಭಸಕ್ಕೆ ರಿಪೇರಿ ಅಂಗಡಿಯ ಗೋಡೆಯಲ್ಲಿ ತೂಗುಹಾಕಿದ್ದ ಗಿಟಾರುಗಳೆಲ್ಲ ಸಣ್ಣಗೆ ಗುಂಯ್‌ಗುಟ್ಟಿದವು.

ಮೇಜಿನಾಚೆ ನಿಂತಿದ್ದ ರಿಪೇರಿಯವನ ನಗು ಅರ್ಧಕ್ಕೇ ನಿಂತಿತು. ಪಾಪ, ಅವನು ಹೊಗಳಿಕೆಗೆ ಕಾದು ನಿಂತಿದ್ದ!

"ತಂತಿ ಜುಯ್ ಅನ್ನುತ್ತೆ, ನೋಡಿ ಅಂತ ನಿಮ್ಮ ಅಕ್ಕ ಕೊಟ್ಟೋದ್ರು. ನೀವು ಎಡಗೈಯವರು ಅಂತಾನೂ ಅಂದ್ರು, ನೋಡಿದ್ರೆ ತಂತಿ ಮಾತ್ರ ಬಲಗೈಯವರ ಥರ ಹಾಕಿದೆ. ದಪ್ಪ ತಂತಿ ಕೆಳಗೆ, ಸಣ್ಣದು ಮೇಲೆ! ಪಾಪ, ಎಷ್ಟು ಕಷ್ಟ ಪಡ್ತಿದ್ದಾರೋ ಅಂತ ತಿರುಗಿಸಿ ಹಾಕ್ದೆ. ಅದಕ್ಕೆ ದುಡ್ಡೇನೂ ಬೇಡ..."

"ಒಂದು ವರ್ಷದಿಂದ ನಾನು ಅದನ್ನ ಹಾಗೇ ನುಡಿಸ್ತಿರೋದು! ತಲೆಕೆಳಗೇ!"

ಅದು ಕಲಿಯುವವರಿಗೆಂದೇ ಮಾಡಿದ, ತಗ್ಗು ಸ್ವರದ ನಾಲ್ಕು ತಂತಿಯ ಬೇಸ್ ಗಿಟಾರ್; ಅವಳು ಕೊಂಡ ಅಂಗಡಿಯಲ್ಲಿದ್ದವುಗಳಲ್ಲೇ ಅಗ್ಗದ್ದು. ಎಡಗೈಯವರಿಗೆ ಅಂತ ಬರುವುದು ಅವಳ ಕೈಗೆಟುಕುತ್ತಿರಲಿಲ್ಲ. ಹಾಗಾಗಿ ಬಲಗೈಯವರದ್ದನ್ನೇ ತಂದು, ಮಗುಚಿ ಹಿಡಿದು, ಹುಬ್ಬು ಗಂಟಿಕ್ಕಿಕೊಂಡು ಒಂದೊಂದೇ ಸ್ವರ ಹುಡುಕಿ ಕಲಿತಿದ್ದಳು.

"ಪರವಾಗಿಲ್ಲ ರೀ," ಎಂದ ಅವನು ಮೆಲ್ಲಗೆ. "ಎರಡು ತಿಂಗಳು ಅಭ್ಯಾಸ ಮಾಡಿದ್ರೆ ಇದೇ ಸುಲಭ ಆಗುತ್ತೆ."

ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು!

"ನಾಡಿದ್ದು ಶನಿವಾರ ನನ್ನ ಮೊದಲ ಕಾರ್ಯಕ್ರಮ! ಮೊದಲಿದ್ದ ಹಾಗೇ ಮಾಡ್ಕೊಡಿ, ಸಾಕು."

ಅವನು ತಲೆ ಕೆರೆದುಕೊಂಡ. ಗಿಟಾರಿನ ಕತ್ತಿನ ತುದಿಯಲ್ಲಿ ತಂತಿಗಳು ಕೂರಲು, ಆಯಾ ತಂತಿಯ ದಪ್ಪಕ್ಕೆ ತಕ್ಕಂತೆ ಕೊರೆದ ನಾಲ್ಕು ಕಚ್ಚುಗಳಿರುವ ಪುಟ್ಟ ಪಟ್ಟಿಯೊಂದಿರುತ್ತದೆ; ನಟ್ ಎನ್ನುತ್ತಾರೆ.

"ಹಳೇ ನಟ್ ತೆಗೆಯುವಾಗ ಮುರಿದುಹೋಯ್ತು. ನನ್ನ ಹತ್ರ ಇದ್ದ ಒಂದೇ ತುಂಡಲ್ಲಿ ಇದನ್ನ ಕೊರೆದಿದ್ದೀನಿ. ಇನ್ನೊಂದು ತರಿಸೋಕೆ ವಾರ ಬೇಕು..."

ಚಿನ್ನಿ ಗಿಟಾರನ್ನು ಅಲ್ಲೇ ಬಿಟ್ಟು ಹೊರಟುಬಿಟ್ಟಳು.

ಬೀದಿಯ ತಿರುವು ದಾಟುವಷ್ಟರಲ್ಲಿ ಕಣ್ಣು ತುಂಬಿ ಬಂತು. ಶಾಲೆಯಲ್ಲಿ ಟೀಚರ್ ಪೆನ್ಸಿಲನ್ನು ಎಡಗೈಯಿಂದ ಬಲಗೈಗೆ ದಾಟಿಸಿದ್ದರು. ಮನೆಯಲ್ಲಿ ಸೋದರತ್ತೆ ಚಮಚ ಕಿತ್ತು ಬಲಗೈಗೆ ಕೊಟ್ಟಿದ್ದರು. ಎಲ್ಲರೂ ಅವಳ ಒಳ್ಳೆಯದಕ್ಕೇ ಮಾಡಿದವರು!

'ಅದೊಂದನ್ನಾದರೂ ನನ್ನಿಷ್ಟಕ್ಕೆ ಇಟ್ಟುಕೊಂಡಿದ್ದೆನಲ್ಲ... ಅದನ್ನೂ ತಿದ್ದಿಬಿಟ್ಟನಲ್ಲ!'

ಅವಳದೇ ತಂಡದಲ್ಲಿ ಡ್ರಮ್ಸ್ ಬಾರಿಸುವ ಅಕ್ಕ ಸಂಜೆ ಎಷ್ಟೋ ಸಮಾಧಾನ ಹೇಳಿದಳು. ಬೇಸ್‌ಗೆ ಬೇರೆ ಯಾರನ್ನಾದರೂ ಕರೆಯಬಹುದು ಅಂತಲೂ ಅಂದಳು. ಆ ಮಾತಿಗೆ ಚಿನ್ನಿ ಊಟ ಬಿಟ್ಟು ಎದ್ದಳು.

ಶುಕ್ರವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಕೂತಿದ್ದಳು. ಹಲ್ಲಿನ ಸೆಟ್ ತಯಾರಿಸುವ ಲ್ಯಾಬ್ ಅದು. ಯಾರದೋ ಅಜ್ಜನ ಮೇಲ್ದವಡೆ ಉಜ್ಜುತ್ತಿದ್ದವಳಿಗೆ ಬಾಗಿಲಲ್ಲಿ ರಿಪೇರಿಯವನು ಕಂಡ. ಬೆನ್ನಿಗೆ ಅವಳ ಗಿಟಾರ್, ಕೈಯಲ್ಲೊಂದು ಬೆಂಕಿಪೊಟ್ಟಣ.

"ನಿಮ್ಮ ಅಕ್ಕನ ಹತ್ರ ವಿಳಾಸ ಕೇಳಿ ಬಂದೆ... ನಿನ್ನೆ ನನ್ನ ಗಿಟಾರ್‌ನ ಮಗುಚಿ ಹಿಡ್ಕೊಂಡು ನುಡಿಸೋಕೆ ಕೂತೆ. ಹತ್ತು ವರ್ಷದಿಂದ ನುಡಿಸೋ ಹಾಡು, ಒಂದು ಸಾಲೂ ಬರ್ಲಿಲ್ಲ ರೀ. ನಿಮಗೆ ಏನು ಮಾಡಿಟ್ಟೆ ಅಂತ ಆಗ ಗೊತ್ತಾಯ್ತು. ಅಭ್ಯಾಸ ಮಾಡಿ ಅಂದ್ನಲ್ಲ, ಆ ಮಾತಿಗೆ... ಕ್ಷಮಿಸಿ."

ಬೈಯಲು ಚಿನ್ನಿ ರಾತ್ರಿಯೆಲ್ಲ ಹತ್ತಾರು ಮಾತು ಜೋಡಿಸಿಟ್ಟಿದ್ದಳು. ಅವನ್ನೆಲ್ಲ ಬಿಟ್ಟು ಬೆಂಕಿಪೊಟ್ಟಣಕ್ಕೆ ಕೈ ಚಾಚಿದಳು.

ಬೆಂಕಿಪೊಟ್ಟಣದಲ್ಲಿ ಹಳೇ ನಟ್ಟಿನ ಮೂರು ಚೂರುಗಳಿದ್ದವು. ಅವಳು ಬೆಳಕಿಗೆ ಹಿಡಿದು ನೋಡಿದಳು.

"ಎಷ್ಟು ಗಟ್ಟಿ ಇರಬೇಕು ಇದು?"

"ಹೆಚ್ಚುಕಮ್ಮಿ... ಹಲ್ಲಿನಷ್ಟು."

ಇಬ್ಬರೂ ಒಟ್ಟಿಗೇ ಮೇಜಿನ ಮೇಲಿದ್ದ ದವಡೆಯತ್ತ ನೋಡಿದರು. ಚಿನ್ನಿಗೆ ನಗು ತಡೆಯಲಾಗಲಿಲ್ಲ!

"ಅಚ್ಚು ತೆಗೆದು ಎರಕ ಹೊಯ್ಯಬಹುದು. ಆದ್ರೆ ಹಲ್ಲಿನ ಸೆಟ್ ಮಾಡೋ ಪ್ಲಾಸ್ಟಿಕ್ ಸದ್ಯಕ್ಕೆ ಇರೋದು ಒಸಡಿನ ಬಣ್ಣದ್ದೇ."

"ಗುಲಾಬಿ?"

"ಹೂಂ. ಬೇಡ್ವಾ?"

"ನಿಮ್ಮ ಗಿಟಾರ್. ನಿಮ್ಮಿಷ್ಟ."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಈ ಮಾತನ್ನು ಅವಳಿಗೆ ಹೇಳಿದವರು ಕಡಿಮೆ.

ಮಧ್ಯಾಹ್ನದ ಬಿಡುವಿನಲ್ಲಿ ಲ್ಯಾಬಿನ ಯಜಮಾನರ ಒಪ್ಪಿಗೆ ಪಡೆದು ಇಬ್ಬರೂ ಕೆಲಸಕ್ಕೆ ಕೂತರು. ಚೂರುಗಳನ್ನು ಅಂಟಿಸಿ ಅಚ್ಚು ತೆಗೆದದ್ದು ಅವಳು, ಗಟ್ಟಿಯಾದ ಮೇಲೆ ಕಚ್ಚುಗಳನ್ನು ಅರದಿಂದ ತಿದ್ದಿದ್ದು ಅವನು.

"ಇಲ್ಲಿ ಇನ್ನೊಂಚೂರು ಉಜ್ಜಲಾ?"

"ಹೂಂ."

"ಈ ಕಡೆ?"

"ಪ್ರತಿಯೊಂದಕ್ಕೂ ಕೇಳ್ತೀರಲ್ಲ!"

"ಕೇಳದೆ ಮಾಡಿ ಒಂದ್ಸಲ ಬೈಸ್ಕೊಂಡಿದ್ದು ಸಾಕಾಗಿದೆ."

ಅವಳು ನಕ್ಕಳು. ಆದರೆ ಎದೆಯೊಳಗೆ ಏನೋ ಕರಗಿತ್ತು. ಅವನ ಹಣೆಗೆ ಅಂಟಿದ್ದ ಗುಲಾಬಿ ಪುಡಿಯನ್ನು ಒರೆಸಬೇಕು ಅನ್ನಿಸಿ, ಕೈಯನ್ನು ಬಲವಂತವಾಗಿ ಮೇಜಿನ ಮೇಲೆ ಇಟ್ಟುಕೊಂಡಳು.

ನಾಲ್ಕು ತಂತಿ ಮತ್ತೆ ತಲೆಕೆಳಗಾದವು. ಚಿನ್ನಿ ನುಡಿಸಿದಳು. ಬೆರಳುಗಳು ಹುಡುಕಲಿಲ್ಲ, ತಡಕಲಿಲ್ಲ. ಜುಯ್ ಅನ್ನುವ ಸದ್ದೂ ಹೋಗಿತ್ತು!

ಶನಿವಾರ ಸಂಜೆ ಲೈಬ್ರರಿಯ ಸಭಾಂಗಣದಲ್ಲಿ ಐವತ್ತು ಕುರ್ಚಿ, ನಲವತ್ತು ಜನ. ಚಿನ್ನಿ ವೇದಿಕೆ ಹತ್ತಿ ಗಿಟಾರನ್ನು ಹೆಗಲಿಗೆ ಹಾಕಿಕೊಂಡಳು. ಮೂರನೇ ಸಾಲಿನಲ್ಲಿ ಅವನಿದ್ದ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ ಅಂದರು:

"ಅಯ್ಯೋ, ಆ ಹುಡುಗಿ ಗಿಟಾರ್ ಉಲ್ಟಾ ಹಿಡ್ಕೊಂಡಿದ್ದಾಳಲ್ಲಪ್ಪ! ಯಾರಾದ್ರೂ ಹೇಳ್ಬಾರ್ದಾ?"

ಅಲ್ಲಲ್ಲಿ ಕಿಸಕ್ಕನೆ ನಕ್ಕರು. ಚಿನ್ನಿಯ ಮುಖ ಕೆಂಪಾಯಿತು.

"ಸರಿಯಾಗೇ ಹಿಡಿದಿದ್ದಾರೆ ಸರ್," ಅವನ ದನಿ ಸ್ಪಷ್ಟವಾಗಿ ಕೇಳಿತು. "ಅವರು ನುಡಿಸೋದೇ ಹಾಗೆ. ಕೇಳಿ ನೋಡಿ."

ಅಕ್ಕ ಕೋಲುಗಳನ್ನು ತಟ್ಟಿ ನಾಲ್ಕು ಎಣಿಸಿದಳು. ಚಿನ್ನಿ ಮೊದಲ ಸ್ವರ ಮೀಟಿದಳು. ಎರಡನೇ ಹಾಡಿನಲ್ಲಿ ಒಂದು ಕಡೆ ತಪ್ಪಿದಳು, ಅದು ಅಕ್ಕನನ್ನು ಬಿಟ್ಟು ಯಾರಿಗೂ ಗೊತ್ತಾಗಲಿಲ್ಲ. ಮೂರನೆಯದಕ್ಕೆ ಆ ಹಿರಿಯರು ಮೊಣಕಾಲು ತಟ್ಟಿ ತಾಳ ಹಾಕುತ್ತಿದ್ದರು!

ಎಲ್ಲ ಮುಗಿದು ಜನ ಹೋದ ಮೇಲೆ ಅವನು ಮೆಟ್ಟಿಲ ಬಳಿ ನಿಂತಿದ್ದ.

"ಹೇಗಿತ್ತು?" ಕೇಳಿದಳು.

"ಗೊತ್ತಿಲ್ಲ ರೀ. ನಿಮ್ಮನ್ನೇ ನೋಡ್ತಾ ಇದ್ದೆ, ಹಾಡು ಕೇಳೋದು ಮರೆತುಹೋಯ್ತು."

ಚಿನ್ನಿಯ ಎದೆಬಡಿತ ಅಕ್ಕನ ಡ್ರಮ್ಸನ್ನು ಮೀರಿಸಿತ್ತು.

"ಇನ್ಮೇಲೆ ಏನೇ ಮಾಡೋದಿದ್ರೂ ನಿಮ್ಮನ್ನ ಕೇಳಿಯೇ ಮಾಡ್ತೀನಿ," ಅವನು ತಡವರಿಸಿದ. "ಅದಕ್ಕೇ ಕೇಳ್ತಿದ್ದೀನಿ... ನೀವಂದ್ರೆ ನಂಗಿಷ್ಟ. ನಿಮ್ಮ ಕೈ ಹಿಡ್ಕೊಂಡು ಮನೆ ತನಕ ಬರಲಾ?"

"ಯಾವ ಕೈ?" ಅಂದಳು, ನೆಲ ನೋಡುತ್ತಾ.

"ನೀವು ಯಾವುದು ಕೊಟ್ರೂ."

ಅವಳು ಎಡಗೈ ಚಾಚಿದಳು. ಅವನು ಬಲಗೈ ಕೊಟ್ಟ. ಇಬ್ಬರೂ ಪಕ್ಕಪಕ್ಕ ಮೆಟ್ಟಿಲಿಳಿದರು.

"ರೀ..."

"ಹೂಂ?"

"ಈ 'ರೀ' ಬಿಟ್ಟುಬಿಡಲಾ?"

"ಕೇಳಿದ್ದು ಸಾಕು," ಎಂದಳು ಚಿನ್ನಿ, ಬೆರಳು ಬಿಗಿ ಮಾಡುತ್ತಾ. "ಇದೊಂದನ್ನ ಕೇಳದೆಯೇ ಮಾಡ್ಬೋದು ಕಣೋ!"