ಬೇರು ಕಿತ್ತವನು

ಅವಳು ನನ್ನನ್ನು ಮೊದಲ ಸಲ ಕರೆದದ್ದೇ ಕಳ್ಳ ಅಂತ. ಎಪ್ಪತ್ತೊಂಬತ್ತರ ಕಾರ್ತಿಕ, ಚಿಗಟೇರಿ ಕಡೆಯ ಕೆರೆ. ನಾನು ಹರಪನಹಳ್ಳಿಯ ಕಾಲೇಜಿನಲ್ಲಿ ಬಾಟನಿ ಡೆಮಾನ್‌ಸ್ಟ್ರೇಟರ್. ಬೇರಿಲ್ಲದ ಸ್ಪೆಸಿಮೆನ್ ಕೆಲಸಕ್ಕೆ ಬಾರದು ಅಂತ ಕೆಸರಿಗಿಳಿದು ಒಂದು ಜೊಂಡನ್ನು ಬುಡಸಮೇತ ಕಿತ್ತಿದ್ದೆ.

"ಯಾರ್ರೀ ನೀವು, ಕಳ್ಳರ? ಕೊಯ್ಯಬೇಕ್ರಿ, ಕೀಳಬಾರದು! ಬೇರು ಹೋದ್ರ ನಾವು ಚಾಪಿ ಯಾತರಾಗ ಹೆಣೀಬೇಕು?"

ಚಾಪೆ ಹೆಣೆಯುವ ಜಂಬಯ್ಯನ ಮಗಳು ಕಲ್ಯಾಣಮ್ಮ. ಕೈಯಲ್ಲಿ ಕುಡುಗೋಲು, ಕಣ್ಣಂಚಿನಲ್ಲಿ ನಗು. ಅಯ್ಯೋ, ಅಲ್ಲೇ ಕೆಟ್ಟೆ ನಾನು.

ಆಮೇಲೆ ವಾರವಾರ ಹೋದೆ. ಟೊಳ್ಳು ಕಾಂಡ, ಗೆಣ್ಣು, ಎಲೆ ಕಾಂಡವನ್ನು ತಬ್ಬುವಲ್ಲಿ ಸಣ್ಣ ಕೂದಲ ಸಾಲು, ಕುದುರೆ ಬಾಲದಂಥ ಕಂದು ತೆನೆ, ಎಲ್ಲ ತೋರಿಸಿದೆ. ಬೇಸಿಗೆಗೆ ಮೇಲೆ ಒಣಗಿದರೂ ಕೆಸರೊಳಗಿನ ಕಾಂಡ ಸಾಯದೆ ಹರಡಿ ಮತ್ತೆ ಚಿಗುರುತ್ತದೆ ಎಂದೆ.

"ಹಂಗಾದ್ರ ಈ ದಂಡಿಯಿಂದ ಆ ದಂಡಿತನಕ ಒಂದ ಗಿಡ ಇರಬೌದೇನ್ರಿ?"

"ಇರಬಹುದು."

"ನಮ್ಮಿಬ್ಬರ ನಡುವ ಮಾತ್ರ ಎಷ್ಟು ದೂರ ನೋಡ್ರಿ," ಎಂದು ತುಟಿ ಕಚ್ಚಿಕೊಂಡಳು.

ಹೆಣ್ಣು ಕೇಳಲು ಹೋದೆ. ಜಂಬಯ್ಯ ಕೂರಲೂ ಹೇಳಲಿಲ್ಲ. "ಪಾಲಾಕ್ಷಪ್ಪ ಮೇಷ್ಟ್ರ, ಬೇರು ಕಿತ್ತೋರಿಗೆ ನಮ್ಮ ಮಂದಿ ಹೆಣ್ಣು ಕೊಡಂಗಿಲ್ಲ. ಬೇರು ಕಿತ್ತ ಹೆಣ್ಣನ್ನ ಮನಿಗೆ ತರಂಗೂ ಇಲ್ಲ."

ಕಾಲು ಹಿಡಿದೆ. ಹೌದು, ನಾಚಿಕೆ ಬಿಟ್ಟು ಹಿಡಿದೆ. ಆತ ಕಾಲು ಎಳೆದುಕೊಂಡ. ಸೋಮವಾರ ಕಾನಹೊಸಹಳ್ಳಿಯ ಚಾಪೆಯವರು ಅವಳ ನಿಶ್ಚಯಕ್ಕೆ ವೀಳ್ಯ ತರುವವರಿದ್ದರು. ಅಲ್ಲಿಯತನಕ ನನಗೆ ಅನ್ನ ಸೇರಲಿಲ್ಲ. ಅವಳಿಲ್ಲದೆ ಬದುಕುವುದು ನನ್ನಿಂದ ಆಗದ ಮಾತಾಗಿತ್ತು.

ಸೋಮವಾರ ತಡೆಯಲಾರದೆ ಓಡಿದೆ. ಬಂದವರು ಕೆರೆ ಏರಿಯ ಮೇಲೆ ವೀಳ್ಯದ ತಟ್ಟೆ ಇಟ್ಟುಕೊಂಡು ಜೊಂಡು ನೋಡುತ್ತಿದ್ದರು. ಕಲ್ಯಾಣಮ್ಮ ಹೊಸ ಸೀರೆಯಲ್ಲೇ ನೀರಿಗಿಳಿದಳು. ನನ್ನತ್ತ ಒಮ್ಮೆ ನೋಡಿದಳು. ಎರಡೂ ಕೈಯಲ್ಲಿ ಜೊಂಡಿನ ಬುಡ ಹಿಡಿದು ಜಗ್ಗಿದಳು. ಬರಲಿಲ್ಲ. ಮತ್ತೆ ಜಗ್ಗಿದಳು. ಕೆಸರು ಸುರಿಸುತ್ತ ಬೇರು ಮೇಲೆ ಬಂತು.

"ನಾನೂ ಕಿತ್ತೀನಿ ನೋಡ್ರಿ! ಈಗ ಒಯ್ತೀರೇನ್ರಿ ನನ್ನ?" ಎಂದು ಏರಿಯ ಮೇಲಿದ್ದ ಚಾಪೆಯವರಿಗೆ ಕೂಗಿ ಹೇಳಿದಳು.

ಬಂದವರು ತಟ್ಟೆ ಎತ್ತಿಕೊಂಡು ಹೊರಟೇಬಿಟ್ಟರು. ಜಂಬಯ್ಯ ಕುಸಿದು ಕೂತ.

"ತಪ್ಪಾತು, ಅಪ್ಪಾ," ಎಂದು ಅವಳು ನೀರಲ್ಲೇ ನಿಂತು ಬಿಕ್ಕಿದಳು. "ಮೇಷ್ಟ್ರನ್ನ ಬಿಟ್ಟು ನನ್ ಕೈಲಿ ಇರಾಕ ಆಗಂಗಿಲ್ಲ."

ನಾನು ಏರಿಯ ಮೇಲೆ ಕಾಲು ಕಿತ್ತಿಡಲಾರದೆ ನಿಂತಿದ್ದೆ. ಜಂಬಯ್ಯ ನನ್ನತ್ತ ತಿರುಗಿದ.

"ನೋಡಿಕೋತ ಏನ್ ನಿಂತೀರಿ, ಮೇಷ್ಟ್ರ?" ಎಂದ, ಮೂಗು ಒರೆಸಿಕೊಳ್ಳುತ್ತ. "ನೀರು ತಣ್ಣಗ ಐತಿ. ಆಕಿ ಕೈ ಹಿಡಿದು ಮ್ಯಾಲ ಕರ್ಕೊಂಡು ಬರ್ರಿ."