ಬಲಕ್ಕೆ ಎಳೆಯುವ ಗಾಡಿ

ಶಿವರಂಜನಿಯ ಗಂಡನ ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿದ ಮಾರನೇ ಬೆಳಿಗ್ಗೆ ನೆಂಟರೆಲ್ಲ ಎಕ್ಕಂಬಿ ಬಿಟ್ಟು ಹೋದರು. ಹನ್ನೊಂದು ದಿನ ಅತ್ತು, ಹುಗ್ಗಿಗೆ ಬೆಲ್ಲ ಕಮ್ಮಿಯಾಯಿತೆಂದು ಗೊಣಗಿ, ಉಳಿದದ್ದನ್ನು ಡಬ್ಬಿಗೆ ತುಂಬಿಕೊಂಡೇ ಹೋದರು. ಹಾಲಿನವನು ಎಂದಿನ ಹೊತ್ತಿಗೆ ಬಂದ. ಶಿವರಂಜನಿ ಚಹಾಕ್ಕಿಟ್ಟಳು. ಚಹಾ ಕುದಿಯಿತು. ಅಳು ಬರಲಿಲ್ಲ.

ಫೋನ್ ಬಂತು. ಊರಾಚೆಯ ಶಾಲೆಯ ಪಿ.ಟಿ. ಮಾಸ್ತರು, ಮಧುಕೇಶ್ವರ.

"ಅಕ್ಕಾರ, ದುಃಖದ ಮನಿ, ಕೇಳಬಾರದು. ನಮ್ಮ ಹುಲ್ಲು ಕತ್ತರಿಸೋ ಗಾಡಿ ನಿಮ್ಮ ಹಿತ್ತಲದಾಗ ಐತಿ."

"ಐತ್ರಿ."

"ನೆಟ್ಟಗ ಓಡೋ ಗಾಡಿ ಕೊಟ್ಟಿದ್ವಿ. ಬಲಕ್ಕ ಎಳೀತೈತಿ ಅಂತ ಬಸಣ್ಣನೇ ಹೇಳಿದ್ರು. ರೊಕ್ಕ ಬ್ಯಾಡ. ಅವರ ಕೈಯಾಗ ಕೆಟ್ಟಿತು ಅಂತ ಒಂದು ಚೀಟಿ ಬರೆದು ಕೊಟ್ಟರ ಕಮಿಟಿಯವರ ಬಾಯಿ ಮುಚ್ಚತೈತಿ. ನೀವು ಓದಿದವರು, ಚಂದ ಬರೀತೀರಿ."

ಸತ್ತವನು ಎದುರು ಮಾತಾಡುವುದಿಲ್ಲವೆಂಬ ಧೈರ್ಯ ಆ ದನಿಯಲ್ಲಿತ್ತು.

"ಸಂಜಿಗೆ ಗಾಡಿ ತರ್ತೀನಿ. ಚೀಟಿನೂ ತರ್ತೀನಿ," ಎಂದಳು.

ಮಾಸ್ತರ ಮೇಲೆ ಹುಟ್ಟಿದ ತಾತ್ಸಾರದಲ್ಲಿ ಅರ್ಧಪಾಲು ಗಂಡನಿಗೂ ಸಲ್ಲಬೇಕಿತ್ತು. ಕೆಡಿಸಿದ್ದರೂ ಕೆಡಿಸಿರಬಹುದು. ಊರಿಗೆಲ್ಲ ಬಸಣ್ಣನಾದ ಚನ್ನಬಸವ ಎಂಬ ಆ ಮೆಕ್ಯಾನಿಕ್ ಯಾವುದನ್ನು ಸರಿಯಾಗಿ ರಿಪೇರಿ ಮಾಡಿದ್ದ? ನಲ್ಲಿಗೆ ಸೈಕಲ್ ಟ್ಯೂಬು, ಮಿಕ್ಸಿಗೆ ತಂತಿ. ಕೇಳಿದರೆ ಒಂದೇ ಮಾತು: "ಮೂರು ದಿನ ನಡೀತೈತಿ." ಎದೆ ಹಿಡಿದುಕೊಂಡಾಗಲೂ ಅದೇ. "ಗ್ಯಾಸ್ ಅದು. ಮೂರು ದಿನದಾಗ ಹೋಗ್ತೈತಿ."

ಮೂರನೇ ದಿನ ಅವನೇ ಹೋದ.

ಮೊದಲ ಭೇಟಿಯೂ ಹಾಗೇ ಆಗಿತ್ತು. ಅವಳು ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ ಶಿರಸಿಯ ಕಾಲೇಜಿಗೆ ಸೇರಿದ ಹೊಸತು. ಎಕ್ಕಂಬಿ ಕ್ರಾಸಿನಲ್ಲಿ ಅವಳ ಸ್ಕೂಟರಿನ ಸೈಲೆನ್ಸರ್ ಜೋತುಬಿದ್ದಿತ್ತು. ಅವನು ತಂತಿ ಸುತ್ತಿ ಕಟ್ಟಿದ.

"ಇದೇನು ರಿಪೇರಿನೇನ್ರಿ? ಎಷ್ಟು ದಿನ ತಡೀತೈತಿ?"

"ಮೂರು ದಿನ."

"ಆಮ್ಯಾಲೆ?"

"ನಾಕನೇ ದಿನ ಬೈಯಾಕ ಬರ್ರಿ. ಅಂಗಡಿ ತೆಗೆದಿರ್ತೀನಿ."

ಹಾಗೆನ್ನುವಾಗ ಅವನು ಅವಳ ಮುಖ ನೋಡಲಿಲ್ಲ. ಸ್ಕೂಟರಿನ ಕನ್ನಡಿಯಲ್ಲಿ ನೋಡಿದ. ಅವಳೂ ಅಲ್ಲೇ ನೋಡುತ್ತಿದ್ದಳು. ನಾಲ್ಕನೇ ದಿನ ಹೋಗಿ ಅರ್ಧ ತಾಸು ಬೈದಳು. ಮದುವೆಯಾದ ಮೇಲೂ ಆ ಬೈಗುಳ ನಿಲ್ಲಲಿಲ್ಲ. ಅವರಿಬ್ಬರಿಗೆ ಬೇರೆ ಭಾಷೆ ಬರುತ್ತಿರಲಿಲ್ಲ.

ಹಿತ್ತಲಲ್ಲಿ ಗಾಡಿಗೆ ಹೊದಿಸಿದ್ದ ತಾಡಪತ್ರಿ ಸರಿಸಿದಳು. ಅವಳ ಟ್ಯೂಷನ್ ಶೆಡ್ಡಿಗೆ ಜಾಗ ಹಸನು ಮಾಡುತ್ತೇನೆಂದು, ಸಾಯುವ ಎಂಟು ದಿನ ಮೊದಲು ಅವನು ಶಾಲೆಯಿಂದ ತಂದಿದ್ದ, ಮೇಲೆ ಕೂತು ಓಡಿಸುವ ಗಾಡಿ. ಕತ್ತರಿಸಿದ ಹುಲ್ಲಿನ ಪಟ್ಟೆಗಳೆಲ್ಲ ಬಲಕ್ಕೆ ಬಾಗಿ ಬೇಲಿಗೆ ತಾಗಿದ್ದವು. "ಕುಡುಕನ ಹೆಜ್ಜಿ," ಎಂದು ಅವತ್ತೇ ಹಂಗಿಸಿದ್ದಳು.

ಪ್ರಯೋಗಶಾಲೆಯ ಅಭ್ಯಾಸದಂತೆ ಸುಲಭದ್ದರಿಂದ ಶುರುಮಾಡಿದಳು. ಮುಂದಿನ ಎರಡೂ ಟೈರುಗಳ ಗಾಳಿ ಅಳೆದಳು. ಸಮ ಇತ್ತು.

"ಅತ್ತಿ, ಮ್ಯಾಲೆ ಕುಂದರ್ರಿ."

"ನಾನಾ?" ಹಿತ್ತಲ ಬಾಗಿಲಲ್ಲಿದ್ದ ಅತ್ತೆ ಪಾರ್ವತವ್ವ ಸೆರಗು ಬಿಗಿದರು. "ಈ ವಯಸ್ಸಿನ್ಯಾಗ ನನ್ನ ಮೆರವಣಿಗಿ ಮಾಡ್ತೀಯೇನ?"

"ಸ್ಟೇರಿಂಗ್ ಸಾವಕಾಶ ಎಡಕ್ಕ ತಿರುವ್ರಿ. ಈಗ ಬಲಕ್ಕ. ಅದು ಬಲ ಅಲ್ಲರಿ."

"ನಿನ್ನ ಮಾವ ಅಷ್ಟು ವರ್ಷ ತಿರುವಿದ್ರೂ ತಿರುಗದಾಕಿ ನಾನು."

ಶಿವರಂಜನಿ ಕೆಳಗೆ ಅಂಗಾತ ಮಲಗಿ ನೋಡಿದಳು. ಸ್ಟೇರಿಂಗಿನ ಹಲ್ಲುಗಳು ಜಾರಲಿಲ್ಲ. ಚಕ್ರಕ್ಕೆ ಹೋಗುವ ಎರಡೂ ರಾಡುಗಳು ತಡಮಾಡದೆ ಎಳೆದವು. ಜಾಕ್ ಕೊಟ್ಟು ಎತ್ತಿದಾಗ ಆಕ್ಸಲ್ ನಡುಬೋಲ್ಟಿನ ಮೇಲೆ ತಕ್ಕಡಿಯಂತೆ ಆಡಿತು. ಅದು ಆಡಬೇಕಾದದ್ದೇ. ಆಮೇಲೆ ಚಕ್ರಗಳನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಳು. ಎಡದ್ದು ಬಿಗಿ. ಬಲದ್ದು ಹಳೇ ಹಲ್ಲಿನ ಹಾಗೆ ಲೊಟಲೊಟ.

ಇಷ್ಟು ಹಳೆಯ ಗಾಡಿಯಲ್ಲಿ ಎಡದ್ದೊಂದೇ ಹೇಗೆ ಬಿಗಿ ಉಳಿಯಿತು? ಲಾಕ್ ತೆಗೆದು, ವಾಷರ್ ತೆಗೆದು, ಎಡಚಕ್ರದ ಪಿನ್ ಕೆಳಗಿಳಿಸಿದಳು. ಪಿನ್ನಿಗೆ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯೊಂದು ಜತೆಗೆ ಬಂತು. ಗ್ರೀಸ್ ಒರೆಸಿದಳು. ಅವಳದೇ ಹೆಸರು, ಅವಳದೇ ರಿಜಿಸ್ಟರ್ ನಂಬರು. ಯೂನಿವರ್ಸಿಟಿಯ ಹಳೇ ಐಡಿ ಕಾರ್ಡು, ಅರ್ಧ.

ಅದು ಕಳೆದಾಗ ಟಾರ್ಚ್ ಹಿಡಿದು ಮಂಚದ ಕೆಳಗೆ ತಾನೂ ಹುಡುಕಿದ್ದನಲ್ಲ, ನಾಚಿಕೆಗೆಟ್ಟವನು!

ಪಿನ್ ಕೂರುವ ಲೋಹದ ಬಳೆ, ಬುಶ್ಶು, ಸವೆದಿತ್ತು; ಅದಕ್ಕೆ ಕಾರ್ಡು ತುಂಬಿಸಿ ಬಿಗಿ ಮಾಡಿದ್ದ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ: ಅದಕ್ಕೇ ಗಾಡಿ ಬಲಕ್ಕೆ ಎಳೆಯುತ್ತಿತ್ತು. ಬಲಗಡೆ ಯಾಕೆ ಬಿಟ್ಟ? ಅವನ ಪಾನಾ, ಇಕ್ಕಳಗಳ ಪೆಟ್ಟಿಗೆ ಬೋರಲು ಹಾಕಿದಳು. ತಳದಲ್ಲಿ, ಪೇಪರಿನಲ್ಲಿ ಮಡಚಿಟ್ಟ ಇನ್ನರ್ಧ ಸಿಕ್ಕಿತು. ಬಲದ ಬುಶ್ಶಿನ ಅಳತೆಗೇ ಕತ್ತರಿಸಿದ್ದ. ಒಂದು ಹನಿ ಗ್ರೀಸ್ ತಾಗಿರಲಿಲ್ಲ. ಅದರಲ್ಲಿ ಅವಳ ಫೋಟೊ ಇತ್ತು.

ಪಾರ್ವತವ್ವ ಸೀಟಿನಿಂದಲೇ ಬಗ್ಗಿ ನೋಡಿದರು. "ಅದನ್ನ ಹಿಡಕೊಂಡು ಬಾಳೊತ್ತು ಕುಂತಿದ್ದ ಅವತ್ತ. 'ಯವ್ವಾ, ಇಕಿ ಮುಖಕ್ಕ ಗ್ರೀಸ್ ಹ್ಯಾಂಗ ಹಚ್ಚಲಿ?' ಅಂದ. ಬ್ಯಾರೆ ಏನರ ಹುಡುಕ್ತೀನಿ, ಅಲ್ಲಿ ತನಕ ಹಿಂಗ ನಡೀತೈತಿ ಅಂದ."

"ಮೂರ್ಖ," ಎಂದಳು ಶಿವರಂಜನಿ. ಗ್ರೀಸಿನ ಡಬ್ಬಿ ಹತ್ತಿರಕ್ಕೆಳೆದು, "ಶತಮೂರ್ಖ."

ಎರಡು ಬೆರಳಲ್ಲಿ ಗ್ರೀಸ್ ತೆಗೆದು ಫೋಟೊದಲ್ಲಿದ್ದ ತನ್ನ ಮುಖಕ್ಕೆ ದಪ್ಪನಾಗಿ ಬಳಿದಳು. ಮೊದಲು ಕಣ್ಣು ಮುಚ್ಚಿತು, ಆಮೇಲೆ ಬಾಯಿ. ಎಡದ್ದನ್ನು ಮೊದಲಿನಂತೆ ಜೋಡಿಸಿ, ಬಲಚಕ್ರದ ಪಿನ್ ಇಳಿಸಿ, ಈ ಪಟ್ಟಿಯನ್ನು ಅದಕ್ಕೆ ಸುತ್ತಿ ಬುಶ್ಶಿಗೆ ಏರಿಸಿದಳು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಕೂತಿತು. ಸರಿಯಾದ ರಿಪೇರಿ ಅವನಿಗೆ ಬರುತ್ತಿತ್ತು. ಬರುತ್ತಿತ್ತು, ಮಾಡಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಸಿಟ್ಟು.

"ಕೇಳಿಲ್ಲಿ," ಎಂದಳು ಚಕ್ರದ ಹತ್ತಿರ ಬಾಯಿ ತಂದು. "ನಾಕನೇ ದಿನ ನನ್ನ ಸ್ಕೂಟರಿನ ಆ ತಂತಿ ಸಡಿಲಾಗಿರಲಿಲ್ಲ. ಬೆಳಿಗ್ಗೆ ನಾನ ಬಿಚ್ಚಿದ್ದೆ. ಬೈಯಾಕ ಬರಬೇಕಿತ್ತು."

"ನನಗೇನರ ಅಂದೇನ?"

"ಇಲ್ಲರಿ ಅತ್ತಿ. ಗಾಡಿಗೆ."

ಪಾರ್ವತವ್ವ ಸ್ಟೇರಿಂಗ್ ಬಿಡಲಿಲ್ಲ. ಇಳಿಯಲೂ ಇಲ್ಲ. ಸೆರಗಿನಿಂದ ಸೀಟಿನ ಧೂಳು ಒರೆಸುತ್ತ ಕೂತರು.

ಸಂಜೆ ಶಿವರಂಜನಿ ತಾನೇ ಓಡಿಸಿಕೊಂಡು ಹೊರಟಳು. ನಡೆಯುವವರಿಗಿಂತ ಜೋರಾಗಿ ಹೋಗದ ಗಾಡಿ. ಕ್ರಾಸಿನಲ್ಲಿ ಚಹಾದಂಗಡಿಯವರು ಲೋಟ ಹಿಡಿದೇ ನಿಂತರು. ಗಂಡನಿಗೆ ಮಣ್ಣು ಕೊಟ್ಟು ಹದಿನೈದು ದಿನವಾಗಿಲ್ಲ, ಹುಲ್ಲಿನ ಗಾಡಿ ಏರಿ ಹೊರಟಳಲ್ಲ! ನೋಡಲಿ. ಅವಳು ಸ್ಟೇರಿಂಗ್ ಮೇಲಿನ ಎರಡೂ ಕೈ ಬಿಟ್ಟು ತೋರಿಸಿದಳು. ಗಾಡಿ ರಸ್ತೆಯಂಚು ಹಿಡಿದು ನೂಲಿನಂತೆ ನೆಟ್ಟಗೆ ಹೋಯಿತು.

ಮಾಸ್ತರು ಮೈದಾನದಲ್ಲಿ ಒಂದು ಸುತ್ತು ಹೊಡೆದರು. ಇಳಿದಾಗ ಮುಖ ಸಣ್ಣದಾಗಿತ್ತು.

"ಚೀಟಿ ತಗೋರಿ," ಎಂದಳು.

ಅವರು ಓದಿದರು. ಎರಡೂ ಬುಶ್ ಸಮನಾಗಿ ಸವೆದಿವೆ. ಬಸಣ್ಣನ ಕೈಯಲ್ಲಿದ್ದ ಎಂಟು ದಿನದಲ್ಲಿ ಹಾಗೆ ಸವೆಯುವುದಿಲ್ಲ. ವರ್ಷಗಟ್ಟಲೆ ಗ್ರೀಸ್ ಕಾಣದ ಗಾಡಿ ಇದು. ಕೆಳಗೆ ಅವಳ ಸಹಿ, ಡಿಗ್ರಿಯ ಸಮೇತ.

"ಕಮಿಟಿಯವರಿಗೆ ಓದಿ ಹೇಳ್ರಿ. ನೀವೂ ಓದಿದವರ."

ಮಾಸ್ತರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗಿಟ್ಟರು. "ರಿಪೇರಿ... ಬಸಣ್ಣ ಮಾಡಿದ್ದಾ?"

"ಅವರದ. ನಾನು ಮುಗಿಸಿದೆ."

"ಎಷ್ಟು ದಿನ ತಡೀತೈತ್ರಿ?"

ಶಿವರಂಜನಿ ಕೀಲಿ ತೆಗೆದು ಅವರ ಅಂಗೈಯಲ್ಲಿಟ್ಟಳು.

"ಮೂರು ದಿನ," ಎಂದಳು. ಕಣ್ಣು ತುಂಬಿ ಮೈದಾನ ಕಾಣದಾಯಿತು. "ನಾಕನೇ ದಿನ ಬೈಯಾಕ ಯಾರೂ ಬರೂದಿಲ್ಲ. ನೀವ ಹೊಸ ಬುಶ್ ಹಾಕಸ್ರಿ."